ಪಂಪನ ಕೈ, ಪಂಪನ ನುಡಿ

ಎಡಗೈಯಲ್ಲಿ ಬಳಪ ಹಿಡಿದ ತಪ್ಪಿಗೆ ಒಂದನೆಯ ಇಯತ್ತೆಯಲ್ಲಿ ನನ್ನ ಬೆರಳಗಂಟಿನ ಮೇಲೆ ಬೆತ್ತ ಬಿದ್ದಿತ್ತು. ಆದ್ದರಿಂದಲೋ ಏನೋ, ‘ವಿಕ್ರಮಾರ್ಜುನ ವಿಜಯ’ವನ್ನು ಓದಹೊರಟಾಗ ನನ್ನ ಗಮನ ಮೊದಲು ಹೋದದ್ದು ನಾಯಕನ ಎಡಗೈಯತ್ತ. ಅರ್ಜುನ ಸವ್ಯಸಾಚಿ, ಎಡಗೈಯಿಂದಲೂ ಬಾಣ ಬಿಡಬಲ್ಲವನು. ಅವನನ್ನು ಹಾಡಿದ ಪಂಪನೂ ಒಂದು ಬಗೆಯ ಸವ್ಯಸಾಚಿಯೇ: ಕವಿಯೂ ಹೌದು, ಕಲಿಯೂ ಹೌದು.

ಪಂಪ ಹುಟ್ಟಿದ್ದು ಕ್ರಿ.ಶ. 902ರಲ್ಲಿ. ಹಿರಿಯರು ವೆಂಗಿ ನಾಡಿನ ಬ್ರಾಹ್ಮಣರು. ತಂದೆಯ ಕಾಲಕ್ಕೆ ಮನೆತನ ಜೈನಧರ್ಮಕ್ಕೆ ಒಲಿದಿತ್ತು. ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಈ ಸಂಗತಿಯನ್ನು ನಮಗೆ ಉಳಿಸಿಕೊಟ್ಟವನು ಪಂಪನ ತಮ್ಮ ಜಿನವಲ್ಲಭ. ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಅವನು ಕೆತ್ತಿಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಒಂದೇ ಮನೆಯಲ್ಲಿ ಮೂರು ನುಡಿ!

ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ಮಾತು ಕಳೆದುಕೊಂಡು ಮಡಿದ ರೋಗಿಯೊಬ್ಬನ ಮಿದುಳಿನ ಎಡ ಮುಂಭಾಗದಲ್ಲಿ ಹಾನಿಯನ್ನು ಕಂಡ. ಬಲಗೈಯನ್ನು ನಡೆಸುವುದೂ ಎಡಮಿದುಳೇ. ಮನುಷ್ಯರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಬಲಗೈಯವರು. ಮಾತು ಹುಟ್ಟಿದ್ದು ಕೈಸನ್ನೆಯಿಂದ ಎನ್ನುವ ವಿದ್ವಾಂಸರು ಈ ನೆರೆಹೊರೆಯನ್ನು ಬೆರಳಿಟ್ಟು ತೋರಿಸುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಎಡಚರಲ್ಲಿಯೂ ಶೇಕಡಾ 70ರಷ್ಟು ಮಂದಿಗೆ ಮಾತಿನ ನೆಲೆ ಎಡಮಿದುಳೇ. ಮೇಷ್ಟರ ಬೆತ್ತ ನನ್ನ ಕೈಯನ್ನು ಬದಲಿಸಿತೇ ಹೊರತು ಮಾತಿನ ಮನೆಯನ್ನಲ್ಲ ಎಂದು ಈಗ ಸಮಾಧಾನಪಡುತ್ತೇನೆ.

ಲಕ್ಷಾಂತರ ವರ್ಷಗಳ ವಿಕಾಸ ಮಗುವಿನ ಮಿದುಳಿಗೆ ನುಡಿಯನ್ನು ಕಲಿಯುವ ಶಕ್ತಿಯನ್ನು ಕೊಟ್ಟಿದೆ. ಯಾವ ನುಡಿ ಎಂಬುದನ್ನು ಮಾತ್ರ ಸುತ್ತಲಿನವರೇ ಕೊಡಬೇಕು. ರಕ್ತವೇ ನಿರ್ಣಯಿಸುವುದಾಗಿದ್ದರೆ ವೆಂಗಿಯ ಈ ಕುಡಿ ಕನ್ನಡದ ಆದಿಕವಿಯಾಗುತ್ತಿದ್ದುದು ಹೇಗೆ? ಕನ್ನಡತನವನ್ನು ವಂಶದಲ್ಲಿ ಹುಡುಕುವವರನ್ನು ನಾನು ನಂಬದಿರುವುದಕ್ಕೆ ಪಂಪನೇ ಕಾರಣ. ಅಣ್ಣಿಗೇರಿಗೆ ದೂರವಲ್ಲದ ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ತಿರುಳುಗನ್ನಡದಲ್ಲಿ ತಾನು ಬರೆದೆನೆಂದು ಅವನೇ ಹೇಳಿಕೊಂಡಿದ್ದಾನೆ. ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಅಷ್ಟು ದೂರದ ಆಸ್ಥಾನಕ್ಕೂ ಆ ಕನ್ನಡ ಅವನೊಡನೆ ಹೋಯಿತು. ಅರಿಕೇಸರಿಯನ್ನೇ ಅರ್ಜುನನಾಗಿಸಿದ ಭಾರತಕ್ಕೆ ಆರು ತಿಂಗಳು, ‘ಆದಿಪುರಾಣ’ಕ್ಕೆ ಮೂರು ತಿಂಗಳು. 941ರಲ್ಲಿ, ಮೂವತ್ತೊಂಬತ್ತರ ಹರೆಯದಲ್ಲಿ, ಎರಡೂ ಮುಗಿದಿದ್ದವು. ಅರಸನಿತ್ತ ಬಹುಮಾನ ಧರ್ಮಪುರವೆಂಬ ಅಗ್ರಹಾರ.