ಹರ್ಬರ್ಟ್ ಯಾರ್ಡ್ಲಿ

ಹರ್ಬರ್ಟ್ ಆಸ್ಬರ್ನ್ ಯಾರ್ಡ್ಲಿ (ಏಪ್ರಿಲ್ 13, 1889 – ಆಗಸ್ಟ್ 7, 1958) ಅಮೆರಿಕದ ಗೂಢಲಿಪಿ ತಜ್ಞರು ಮತ್ತು ಲೇಖಕರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಗೂಢಲಿಪಿ ವಿಭಾಗವನ್ನು ಕಟ್ಟಿದ ಇವರು, ಯುದ್ಧಾನಂತರ ‘ಬ್ಲ್ಯಾಕ್ ಚೇಂಬರ್’ ಎಂದು ಹೆಸರಾದ ರಹಸ್ಯ ಕಚೇರಿಯನ್ನು ಮುನ್ನಡೆಸಿದರು. ಇಸ್ಪೀಟಿನ ಪೋಕರ್ ಆಟದಲ್ಲಿಯೂ ನುರಿತವರಾಗಿದ್ದ ಇವರು 1957ರಲ್ಲಿ ಪ್ರಕಟಿಸಿದ ‘ದಿ ಎಜುಕೇಶನ್ ಆಫ್ ಎ ಪೋಕರ್ ಪ್ಲೇಯರ್’ ಆ ಆಟದ ಕುರಿತಾದ ಪ್ರಸಿದ್ಧ ಗ್ರಂಥಗಳಲ್ಲೊಂದು. ಎದುರಾಳಿಯು ಬಚ್ಚಿಡಲು ಬಯಸುವುದನ್ನು ಅವನ ಸಂದೇಶದಿಂದಲೋ ನಡೆನುಡಿಯಿಂದಲೋ ಗ್ರಹಿಸುವುದು ಇವರ ಎರಡೂ ಕ್ಷೇತ್ರಗಳಿಗೆ ಸಮಾನವಾದ ವಿದ್ಯೆಯಾಗಿತ್ತು.

ಆರಂಭಿಕ ಜೀವನ

ಯಾರ್ಡ್ಲಿಯವರು ಇಂಡಿಯಾನಾ ರಾಜ್ಯದ ವರ್ದಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ರೈಲು ನಿಲ್ದಾಣದ ಅಧಿಕಾರಿಯೂ ತಂತಿ ಸಂದೇಶ ಕಳುಹಿಸುವವರೂ ಆಗಿದ್ದರು. ತಂತಿ ಸಂದೇಶದ ವಿದ್ಯೆಯನ್ನು ಮಗ ಕಲಿತದ್ದು ಅವರಿಂದಲೇ. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಯಾರ್ಡ್ಲಿ, ಶಾಲೆಯಲ್ಲಿ ಫುಟ್‌ಬಾಲ್ ತಂಡದ ನಾಯಕರಾಗಿಯೂ ಶಾಲಾ ಪತ್ರಿಕೆಯ ಸಂಪಾದಕರಾಗಿಯೂ ಗುರುತಿಸಿಕೊಂಡಿದ್ದರು.

ಇದೇ ವಯಸ್ಸಿನಲ್ಲಿ ಅವರು ಊರಿನ ಮದ್ಯದಂಗಡಿಗಳಲ್ಲಿ ನಡೆಯುತ್ತಿದ್ದ ಪೋಕರ್ ಆಟಕ್ಕೆ ಪ್ರವೇಶ ಪಡೆದರು. ಮಾಂಟಿ ಎಂದು ಕರೆಯಲ್ಪಡುತ್ತಿದ್ದ ಅಂಗಡಿಯ ಮಾಲೀಕರೊಬ್ಬರು ತಮಗೆ ಆಟದ ಗುರುವಾಗಿದ್ದರೆಂದು ಯಾರ್ಡ್ಲಿ ಬರೆದಿದ್ದಾರೆ. ರೈತರು, ವ್ಯಾಪಾರಿಗಳು, ಊರೂರು ಸುತ್ತುವ ಮಾರಾಟಗಾರರು ಒಂದೇ ಮೇಜಿನ ಸುತ್ತ ಕುಳಿತು, ಕೆಲವೊಮ್ಮೆ ಜಮೀನನ್ನೂ ಸರಕಿನ ಪೆಟ್ಟಿಗೆಗಳನ್ನೂ ಪಣವಾಗಿ ಒಡ್ಡುತ್ತಿದ್ದ ಆ ವಾತಾವರಣ ಅವರ ಗ್ರಂಥದ ಮೊದಲ ಭಾಗದಲ್ಲಿ ಚಿತ್ರಿತವಾಗಿದೆ.

ಗೂಢಲಿಪಿ ಕ್ಷೇತ್ರ

1912ರಲ್ಲಿ ಯಾರ್ಡ್ಲಿ ವಾಷಿಂಗ್ಟನ್ನಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಸಂಕೇತ ಗುಮಾಸ್ತರಾಗಿ ಸೇರಿದರು. ಅಧ್ಯಕ್ಷ ವುಡ್ರೋ ವಿಲ್ಸನ್ ಅವರಿಗೆ ಆಪ್ತ ಸಲಹೆಗಾರ ಕರ್ನಲ್ ಹೌಸ್ ಕಳುಹಿಸಿದ ಸಂದೇಶವನ್ನು ಕೆಲವೇ ಗಂಟೆಗಳಲ್ಲಿ ತಾವು ಬಿಡಿಸಿದ್ದಾಗಿ ಅವರು ಹೇಳಿಕೊಂಡಿದ್ದಾರೆ. ದೇಶದ ಸಂಕೇತಗಳು ಎಷ್ಟು ದುರ್ಬಲವೆಂಬುದನ್ನು ವಿವರಿಸಿ ಮೇಲಧಿಕಾರಿಗಳಿಗೆ ದೀರ್ಘ ವರದಿಯನ್ನೂ ಸಲ್ಲಿಸಿದರು. 1917ರಲ್ಲಿ ಅಮೆರಿಕವು ಯುದ್ಧಕ್ಕೆ ಇಳಿದಾಗ ಸೇನೆಯ ಗುಪ್ತಚರ ಶಾಖೆಯಡಿ ಎಂಐ-8 ಎಂಬ ಗೂಢಲಿಪಿ ವಿಭಾಗವನ್ನು ಸ್ಥಾಪಿಸುವ ಹೊಣೆ ಅವರಿಗೆ ದೊರೆಯಿತು.

ಯುದ್ಧ ಮುಗಿದ ಬಳಿಕ 1919ರಲ್ಲಿ ಸೇನೆ ಮತ್ತು ವಿದೇಶಾಂಗ ಇಲಾಖೆಗಳ ಜಂಟಿ ಹಣದಿಂದ ನ್ಯೂಯಾರ್ಕ್ ನಗರದಲ್ಲಿ ಬ್ಲ್ಯಾಕ್ ಚೇಂಬರ್ ಆರಂಭವಾಯಿತು. ಹೊರಜಗತ್ತಿಗೆ ಇದು ವ್ಯಾಪಾರಿಗಳಿಗೆ ಸಂಕೇತ ಪುಸ್ತಕ ತಯಾರಿಸಿಕೊಡುವ ಕಂಪನಿಯಂತೆ ಕಾಣುತ್ತಿತ್ತು. ಜಪಾನಿನ ಸಂಕೇತವನ್ನು ಒಂದು ವರ್ಷದೊಳಗೆ ಭೇದಿಸುವುದಾಗಿ, ಇಲ್ಲವಾದರೆ ರಾಜೀನಾಮೆ ನೀಡುವುದಾಗಿ ಯಾರ್ಡ್ಲಿ ಮಾತು ಕೊಟ್ಟಿದ್ದರು. ಅವರ ಸ್ವಂತ ಕಥನದ ಪ್ರಕಾರ, ಸಂದೇಶಗಳಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಅಕ್ಷರ ಸಮೂಹಗಳನ್ನು ತಿಂಗಳುಗಟ್ಟಲೆ ಪರಿಶೀಲಿಸಿದಾಗ ಐರ್ಲೆಂಡ್ ಮತ್ತು ಸ್ವಾತಂತ್ರ್ಯ ಎಂಬ ಅರ್ಥದ ಜಪಾನೀ ಪದಗಳು ಗುರುತಿಗೆ ಸಿಕ್ಕವು. ಐರ್ಲೆಂಡಿನ ಸ್ವಾತಂತ್ರ್ಯ ಅಂದಿನ ಪತ್ರಿಕೆಗಳ ಮುಖ್ಯ ಸುದ್ದಿಯಾಗಿದ್ದುದರಿಂದ ಈ ಊಹೆ ಸಾಧ್ಯವಾಯಿತು.

ವಾಷಿಂಗ್ಟನ್ ನೌಕಾ ಸಮ್ಮೇಳನ

ಈ ಪರಿಶ್ರಮದ ಫಲ 1921–22ರ ವಾಷಿಂಗ್ಟನ್ ನೌಕಾ ಸಮ್ಮೇಳನದಲ್ಲಿ ದೊರೆಯಿತು. ಯುದ್ಧನೌಕೆಗಳ ಪ್ರಮಾಣದಲ್ಲಿ ಅಮೆರಿಕಕ್ಕೆ 10 ಇದ್ದರೆ ತನಗೆ 7 ಬೇಕೆಂದು ಜಪಾನ್ ಬಹಿರಂಗವಾಗಿ ಪಟ್ಟು ಹಿಡಿದಿತ್ತು. ಆದರೆ ಟೋಕಿಯೋದಿಂದ ಪ್ರತಿನಿಧಿಗಳಿಗೆ ನವೆಂಬರ್ 28, 1921ರಂದು ಹೊರಟ ತಂತಿ ಸಂದೇಶವನ್ನು ಬ್ಲ್ಯಾಕ್ ಚೇಂಬರ್ ಬಿಡಿಸಿತು. ಅನಿವಾರ್ಯವಾದರೆ 6ಕ್ಕೂ ಒಪ್ಪಬಹುದೆಂಬ ಸೂಚನೆ ಅದರಲ್ಲಿತ್ತು. ಅಮೆರಿಕದ ಸಂಧಾನಕಾರರು ತಮ್ಮ ನಿಲುವನ್ನು ಸಡಿಲಿಸಲಿಲ್ಲ. ಜಪಾನ್ ಕೊನೆಗೆ 6ಕ್ಕೆ ಸಮ್ಮತಿಸಿತು. 1922ರಲ್ಲಿ ಯಾರ್ಡ್ಲಿಯವರಿಗೆ ಸೇನೆಯ ವಿಶಿಷ್ಟ ಸೇವಾ ಪದಕ ಸಂದಿತು.

ಐದು ಎಲೆಗಳ ಸ್ಟಡ್ ಪೋಕರ್ ಆಟದಲ್ಲಿ ಆಟಗಾರನ ಕೆಲವು ಎಲೆಗಳು ಎಲ್ಲರಿಗೂ ಕಾಣುತ್ತವೆ, ಒಂದು ಮಾತ್ರ ಮುಚ್ಚಿರುತ್ತದೆ. ಎದುರಾಳಿಯ ಆ ಮುಚ್ಚಿದ ಎಲೆಯನ್ನು ಕಂಡವನಿಗೆ ಆಟ ಕಷ್ಟವಲ್ಲವೆಂದು ಯಾರ್ಡ್ಲಿ ಈ ಸಮ್ಮೇಳನವನ್ನು ಮುಂದೆ ಪೋಕರ್‌ಗೆ ಹೋಲಿಸಿದರು.

ಕಚೇರಿಯ ಮುಚ್ಚುಗಡೆ ಮತ್ತು ವಿವಾದ

1929ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದ ಹೆನ್ರಿ ಸ್ಟಿಮ್ಸನ್, ಅನ್ಯರ ಪತ್ರಗಳನ್ನು ಓದುವುದು ಸಭ್ಯತೆಯಲ್ಲವೆಂಬ ನಿಲುವಿನಿಂದ ಹಣಕಾಸಿನ ನೆರವನ್ನು ನಿಲ್ಲಿಸಿದರು. ಕಚೇರಿ ಮುಚ್ಚಿತು. ಆರ್ಥಿಕ ಮಹಾಕುಸಿತದ ದಿನಗಳಲ್ಲಿ ನಿರುದ್ಯೋಗಿಯಾಗಿ ಹುಟ್ಟೂರಿಗೆ ಮರಳಿದ ಯಾರ್ಡ್ಲಿ, ಜೀವನೋಪಾಯಕ್ಕಾಗಿ 1931ರಲ್ಲಿ ‘ದಿ ಅಮೆರಿಕನ್ ಬ್ಲ್ಯಾಕ್ ಚೇಂಬರ್’ ಎಂಬ ಪುಸ್ತಕದಲ್ಲಿ ರಹಸ್ಯಗಳನ್ನು ಬಹಿರಂಗಪಡಿಸಿದರು. ಜಪಾನೀ ಅನುವಾದದ 30,000ಕ್ಕೂ ಹೆಚ್ಚು ಪ್ರತಿಗಳು ಮಾರಾಟವಾಗಿ ಆ ದೇಶದಲ್ಲಿ ಕೋಲಾಹಲವೆದ್ದಿತು. ಎದುರಾಳಿಗಳ ಗುಟ್ಟನ್ನು ಅರಿತವರು ತಮ್ಮ ಪಾಳಯದ ಗುಟ್ಟನ್ನೇ ಹೊರಗೆಡವಿದರೆಂದು ಸಹೋದ್ಯೋಗಿಗಳು ಅವರನ್ನು ದೂರ ಮಾಡಿದರು. ಅವರ ಇನ್ನೊಂದು ಹಸ್ತಪ್ರತಿಯನ್ನು ಸರ್ಕಾರ ವಶಪಡಿಸಿಕೊಂಡಿತು. ಇಂತಹ ಪ್ರಕಟಣೆಗಳನ್ನು ತಡೆಯುವ ಕಾನೂನು 1933ರಲ್ಲಿ ಜಾರಿಗೆ ಬಂದಿತು.

1938ರಿಂದ 1940ರವರೆಗೆ ಯಾರ್ಡ್ಲಿ ಚೀನಾದ ಚಾಂಗ್ ಕೈಷೇಕ್ ಸರ್ಕಾರದ ಪರವಾಗಿ ಚುಂಗ್‌ಕಿಂಗ್‌ನಲ್ಲಿ ಜಪಾನೀ ಸೇನೆಯ ಸಂಕೇತಗಳ ಮೇಲೆ ಕೆಲಸ ಮಾಡಿದರು. ಬಾಂಬು ದಾಳಿಗಳ ನಡುವೆ ಅಲ್ಲಿ ತರುಣ ಪತ್ರಕರ್ತ ಥಿಯೋಡರ್ ವೈಟ್ ಅವರಿಗೆ ಪೋಕರ್ ಕಲಿಸಿದರು. 1941ರಲ್ಲಿ ಕೆನಡಾದ ಗೂಢಲಿಪಿ ಘಟಕಕ್ಕೆ ಸೇರಿದರಾದರೂ, ಅವರ ಮೇಲೆ ವಿಶ್ವಾಸವಿಲ್ಲದ ಬ್ರಿಟನ್ ಮತ್ತು ಅಮೆರಿಕದ ಒತ್ತಡದಿಂದ ಬೇಗನೆ ಹೊರಬೀಳಬೇಕಾಯಿತು.

ಪೋಕರ್ ಗ್ರಂಥ

‘ದಿ ಎಜುಕೇಶನ್ ಆಫ್ ಎ ಪೋಕರ್ ಪ್ಲೇಯರ್’ ಗ್ರಂಥದಲ್ಲಿ ಕಥೆಗಳ ಜೊತೆ ಆಟದ ಸೂತ್ರಗಳೂ ಹೆಣೆದುಕೊಂಡಿವೆ. ಅದೃಷ್ಟವನ್ನು ನೆಚ್ಚದೆ ಸಂಭವನೀಯತೆಯನ್ನು ನೆಚ್ಚಬೇಕು, ಗೆಲ್ಲುವ ಸಾಧ್ಯತೆ ಕಡಿಮೆಯಿದ್ದಾಗ ಎಲೆಗಳನ್ನು ಕೆಳಗಿಡಬೇಕು, ಪಣಕ್ಕೆ ಹಾಕಿದ ಹಣ ತನ್ನದಲ್ಲವೆಂದು ತಿಳಿಯಬೇಕು ಎಂಬುವು ಅದರ ಮುಖ್ಯ ಬೋಧನೆಗಳು. ಇವುಗಳೊಂದಿಗೆ ಪ್ರತಿ ಆಟಗಾರನ ಸ್ವಭಾವ ಮತ್ತು ರೂಢಿಗಳನ್ನು ತಾಳ್ಮೆಯಿಂದ ಅಭ್ಯಸಿಸುವುದಕ್ಕೂ ಗ್ರಂಥವು ಮಹತ್ವ ನೀಡುತ್ತದೆ.

ಆಟಗಾರನು ಅರಿವಿಲ್ಲದೆ ಬಿಟ್ಟುಕೊಡುವ ಸೂಚನೆಗೆ ಪೋಕರ್ ಪರಿಭಾಷೆಯಲ್ಲಿ ‘ಟೆಲ್’ ಎನ್ನುತ್ತಾರೆ. ಮುಖಭಾವ, ಕೈಗಳ ಚಲನೆ, ಧ್ವನಿ, ಮಾತು ಎಲ್ಲವೂ ಇದರಲ್ಲಿ ಸೇರುತ್ತವೆ. ಈ ವಿಷಯವನ್ನು ಮುಂದೆ ಇತರ ಲೇಖಕರು ವ್ಯವಸ್ಥಿತವಾಗಿ ಬೆಳೆಸಿದರು. ಬಲವಾದ ಎಲೆಗಳಿರುವವರು ದುರ್ಬಲರಂತೆಯೂ ದುರ್ಬಲ ಎಲೆಗಳಿರುವವರು ಬಲಶಾಲಿಗಳಂತೆಯೂ ನಟಿಸುತ್ತಾರೆಂಬ ತತ್ತ್ವವನ್ನು ಮೈಕ್ ಕ್ಯಾರೊ 1984ರ ತಮ್ಮ ಕೃತಿಯಲ್ಲಿ ಪ್ರತಿಪಾದಿಸಿದರು. ಜಾಕರಿ ಎಲ್ವುಡ್ 2014ರಲ್ಲಿ ಮಾತಿನ ಸುಳಿವುಗಳಿಗಾಗಿಯೇ ಪ್ರತ್ಯೇಕ ಪುಸ್ತಕ ಬರೆದರು. ದೊಡ್ಡ ಪಣವೊಡ್ಡಿ ಸುಳ್ಳಾಡುತ್ತಿರುವವನು ಸಾಮಾನ್ಯವಾಗಿ ಮೌನಕ್ಕೆ ಜಾರುತ್ತಾನೆ. ತನ್ನ ಎಲೆಗಳನ್ನು ತಾನೇ ಹಗುರವಾಗಿ ಮಾತನಾಡುವವನ ಕೈ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ ಎಂಬುದು ಈ ಅಧ್ಯಯನದ ಒಂದು ತಿಳಿವಳಿಕೆ. ಆದರೆ ಒಂದೇ ಮಾತು ಎಲ್ಲರಲ್ಲಿಯೂ ಒಂದೇ ಅರ್ಥ ಕೊಡುವುದಿಲ್ಲ. ವ್ಯಕ್ತಿಯ ಎಂದಿನ ಮಾತಿನ ರೀತಿಯನ್ನು ಮೊದಲು ಗುರುತಿಸಿ, ಅದರಿಂದ ಆತ ಯಾವಾಗ ಸರಿಯುತ್ತಾನೆಂಬುದನ್ನು ಗಮನಿಸಬೇಕಾಗುತ್ತದೆ. ಪುನರಾವರ್ತನೆಯನ್ನು ಹುಡುಕಿ ಅರ್ಥ ಕಟ್ಟುವ ಗೂಢಲಿಪಿ ತಜ್ಞರ ವಿಧಾನಕ್ಕೆ ಇದು ಹತ್ತಿರವಾಗಿದೆ.

ನಿಧನ ಮತ್ತು ಮನ್ನಣೆ

ಪೋಕರ್ ಗ್ರಂಥ ಪ್ರಕಟವಾದ ಮರುವರ್ಷವೇ ಯಾರ್ಡ್ಲಿ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್‌ನಲ್ಲಿ ನಿಧನರಾದರು. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರು ಜಪಾನಿಗೆ ರಹಸ್ಯಗಳನ್ನು ಮಾರಿದ್ದರೆಂಬ ಆರೋಪ 1967ರಲ್ಲಿ ಕೇಳಿಬಂದಿತು. ಈ ಕುರಿತು ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 1999ರಲ್ಲಿ ಅವರ ಹೆಸರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿತು. ಇತಿಹಾಸಕಾರ ಡೇವಿಡ್ ಕಾನ್ ಅವರು ಬರೆದ ಯಾರ್ಡ್ಲಿಯವರ ಜೀವನಚರಿತ್ರೆ 2004ರಲ್ಲಿ ಪ್ರಕಟವಾಯಿತು.