ನೆಲ ಡೊಂಕು ಎನ್ನದ ಡೆನಿಸ್ ರಿಚಿ

ಬಿಸಿಎ ಮುಗಿಸಿ ಎರಡು ವರ್ಷವಾಗಿತ್ತು. ಬೆಳಿಗ್ಗೆ ಮೂಡಲಗಿಯಿಂದ ಬಸ್ ಹಿಡಿದು ಗೋಕಾಕಕ್ಕೆ ಹೋಗಿ ಗ್ರಂಥಾಲಯದಲ್ಲಿ ಕೂರುವುದು, ಸಂಜೆ ಮನೆಗೆ ಮರಳುವುದು. ಇದೇ ನನ್ನ ನೌಕರಿ. ರೆಸ್ಯೂಮೆಯಲ್ಲಿ ತೋರಿಸಲು ಏನಾದರೂ ಇರಲಿ ಎಂದು ಸಿ ಭಾಷೆಯಲ್ಲಿ ಪುಟ್ಟ ಲೈಬ್ರರಿಯೊಂದನ್ನು ಬರೆದು, ಯಾರು ಬೇಕಾದರೂ ಬಳಸಲೆಂದು ಓಪನ್ ಸೋರ್ಸ್ ಆಗಿ ಬಿಟ್ಟಿದ್ದೆ. ಫೈಲನ್ನು ಅಕ್ಷರ ಅಕ್ಷರವಾಗಿ ಓದಿ ಪದಗಳನ್ನು ಎಣಿಸುವುದು ಅದರ ಕೆಲಸ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ಓಡುತ್ತಿತ್ತು.

ಹುಕ್ಕೇರಿಯ ಗೆಳೆಯನ ಬಳಿ ಲ್ಯಾಪ್‌ಟಾಪ್ ಇಲ್ಲ. ಮೊಬೈಲಿನಲ್ಲೇ ಟರ್ಮಕ್ಸ್ ಹಾಕಿಕೊಂಡು ಸಿ ಕಲಿಯುತ್ತಾನೆ. ಅವನ ಮೊಬೈಲಿನಲ್ಲಿ ನನ್ನ ಪ್ರೋಗ್ರಾಂ ಶುರುವಾದದ್ದು ನಿಲ್ಲಲೇ ಇಲ್ಲ. ಫೋನ್ ಬಿಸಿಯಾಯಿತೇ ಹೊರತು ಉತ್ತರ ಬರಲಿಲ್ಲ. ನನ್ನದರಲ್ಲಿ ಸರಿ ಇದೆ, ನಿನ್ನ ಮೊಬೈಲೇ ಸರಿಯಿಲ್ಲ ಎಂದುಬಿಟ್ಟೆ. ಅವನು ಬೇಸರಪಟ್ಟು ಫೋನ್ ಇಟ್ಟ. ಮುಂದಿನ ವಾರದ ಸಂದರ್ಶನದಲ್ಲಿ ಅದೇ ಲೈಬ್ರರಿಯನ್ನು ತೋರಿಸಬೇಕಿತ್ತು. ಒಳಗೊಳಗೇ ಅಳುಕು. ಆ ದಿನಗಳಲ್ಲೇ ನಾನು ಸಿ ಭಾಷೆಯನ್ನು ರೂಪಿಸಿದ ಡೆನಿಸ್ ರಿಚಿಯವರ ಬದುಕನ್ನು ಓದಿದ್ದು.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಆಲಿಸ್ಟರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತವಿಜ್ಞಾನ ಓದಿ, ಅಲ್ಲೇ ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ಇಳಿದರು. ಪ್ರಬಂಧ ಬರೆದರು. ಆದರೆ ಬೈಂಡ್ ಮಾಡಿಸಿದ ಪ್ರತಿಯನ್ನು ಸಲ್ಲಿಸಲೇ ಇಲ್ಲ, ಪಿಎಚ್‌ಡಿ ಪದವಿಯೂ ಕೈ ಸೇರಲಿಲ್ಲ. ಅಷ್ಟರಲ್ಲಿ, 1967ರಲ್ಲಿ, ಅವರು ತಂದೆ ದುಡಿದ ಬೆಲ್ ಲ್ಯಾಬ್ಸ್ ಅನ್ನೇ ಸೇರಿಯಾಗಿತ್ತು.

ಅಲ್ಲಿ 1969ರಲ್ಲಿ ಸಹೋದ್ಯೋಗಿ ಕೆನ್ ಥಾಂಪ್ಸನ್ ಪಿಡಿಪಿ-7 ಎಂಬ ಕಂಪ್ಯೂಟರ್ ಮೇಲೆ ಯುನಿಕ್ಸ್ ಶುರುಮಾಡಿದರು. ರಿಚಿ ಜೊತೆಯಾದರು. ಮೊದಲಿಗೆ ಅದನ್ನು ಬರೆದದ್ದು ಅಸೆಂಬ್ಲಿ ಭಾಷೆಯಲ್ಲಿ. ಅದು ಒಂದು ಯಂತ್ರದ್ದು ಇನ್ನೊಂದಕ್ಕೆ ಅರ್ಥವಾಗದ ಭಾಷೆ. ಥಾಂಪ್ಸನ್ನರ ಬಿ ಭಾಷೆಯನ್ನು ಬೆಳೆಸಿ ರಿಚಿ 1971ರಿಂದ 1973ರ ನಡುವೆ ಸಿ ಭಾಷೆಯನ್ನು ಕಟ್ಟಿದರು. 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಪಿಡಿಪಿ-11ಕ್ಕಾಗಿ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು.

ಇಷ್ಟು ಪಠ್ಯಪುಸ್ತಕದಲ್ಲೇ ಇದೆ. ನನ್ನನ್ನು ಹಿಡಿದು ಕೂರಿಸಿದ್ದು ಮುಂದಿನ ಕಥೆ. 1977ರ ಹೊತ್ತಿಗೆ ರಿಚಿ, ಥಾಂಪ್ಸನ್ ಮತ್ತು ಸ್ಟೀವ್ ಜಾನ್ಸನ್ ಯುನಿಕ್ಸ್ ಅನ್ನು ಇಂಟರ್‌ಡೇಟಾ 8/32 ಎಂಬ ಬೇರೆಯೇ ಯಂತ್ರಕ್ಕೆ ಒಯ್ಯಲು ಹೊರಟರು. ಪಿಡಿಪಿ-11 ಇದ್ದದ್ದು 16 ಬಿಟ್‌ನದು, ಇದು 32 ಬಿಟ್‌ನದು. ಹಳೆಯ ಪ್ರೋಗ್ರಾಂಗಳಲ್ಲಿ ಅಡಗಿದ್ದ ತಪ್ಪುಗಳು ಒಂದೊಂದಾಗಿ ಹೊರಬಿದ್ದವು. ಮೆಮೊರಿಯ ವಿಳಾಸವೂ ಮಾಮೂಲಿ ಸಂಖ್ಯೆಯೂ ಒಂದೇ ಎಂದುಕೊಂಡು ಬರೆದ ಸಾಲುಗಳು ಎಷ್ಟೋ ಇದ್ದವು.

ಬೈಟ್‌ಗಳ ಕ್ರಮದ್ದು ಇನ್ನೊಂದು ತೊಡಕು. ಇದು ನಮ್ಮ ಹುಕ್ಕೇರಿ ಕಡೆಯವರಿಗೆ ಬೇಗ ಅರ್ಥವಾಗುತ್ತದೆ. ಕನ್ನಡದಲ್ಲಿ ಇಪ್ಪತ್ತೈದು ಅನ್ನುವಾಗ ಇಪ್ಪತ್ತು ಮೊದಲು, ಐದು ಆಮೇಲೆ. ಮರಾಠಿಯ ಪಂಚವೀಸ್‌ನಲ್ಲಿ ಐದು ಮೊದಲು. ಇಬ್ಬರದೂ ಸರಿ. ಆದರೆ ಕಿವಿಗೆ ಬಿದ್ದ ಕ್ರಮದಲ್ಲೇ ಅಂಕಿ ಬರೆದರೆ 25 ಹೋಗಿ 52 ಆಗುತ್ತದೆ. ಯಂತ್ರಗಳೂ ಹಾಗೆಯೇ. ಅಕ್ಷರಗಳು ಜೋಡಿ ಜೋಡಿಯಾಗಿ ಅದಲುಬದಲಾದರೆ ಯುನಿಕ್ಸ್ ಎಂಬ ಹೆಸರು ನುಕ್ಸಿ ಆಗುತ್ತದೆ. ಈ ತೊಡಕಿಗೆ ನುಕ್ಸಿ ಎಂದೇ ಹೆಸರು ಬಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮದು. ರಿಚಿ ಮತ್ತು ಗೆಳೆಯರು ಹೊಸ ಯಂತ್ರವನ್ನು ಡೊಂಕು ಎನ್ನಲಿಲ್ಲ. ತಾವೇ ಬರೆದ ಸಾಲುಗಳನ್ನು ತಿದ್ದಿದರು. ಅಷ್ಟಕ್ಕೇ ಬಿಡದೆ ಭಾಷೆಯನ್ನೇ ಬಿಗಿ ಮಾಡಿದರು. ಒಂದು ಬಗೆಯ ಮೌಲ್ಯವನ್ನು ಇನ್ನೊಂದು ಬಗೆಗೆ ಬದಲಿಸುವುದಾದರೆ ಅದನ್ನು ಬಾಯಿಬಿಟ್ಟು ಹೇಳಲು ಕಾಸ್ಟ್ ಬಂತು. ಹೊಸ ಯಂತ್ರಗಳಿಗೆ ಸುಲಭವಾಗಿ ಹೊಂದಿಸಬಹುದಾದ ಕಂಪೈಲರ್ ಅನ್ನೂ, ಅನುಮಾನದ ಸಾಲುಗಳನ್ನು ಮೊದಲೇ ತೋರಿಸುವ ಲಿಂಟ್ ಅನ್ನೂ ಜಾನ್ಸನ್ ಬರೆದರು. 1978ರಲ್ಲಿ ರಿಚಿ ಮತ್ತು ಜಾನ್ಸನ್ ಈ ಅನುಭವವನ್ನೆಲ್ಲ ಪ್ರಬಂಧವಾಗಿ ಪ್ರಕಟಿಸಿದರು. ಎಲ್ಲಿ ಎಡವಿದೆವು ಎಂಬುದನ್ನೂ ಮುಚ್ಚಿಡಲಿಲ್ಲ.

ಅದೇ ವರ್ಷ ಬ್ರಯಾನ್ ಕರ್ನಿಹಾನ್ ಜೊತೆ ಬರೆದ ಸಿ ಪುಸ್ತಕವೂ ಬಂತು. ಗೋಕಾಕದಲ್ಲಿ ಕೂತು ಅದರ ಮೊದಲ ಅಧ್ಯಾಯವನ್ನು ಮತ್ತೆ ಓದುವಾಗ ನನ್ನ ತಪ್ಪು ಸಿಕ್ಕಿತು. ಫೈಲ್ ಮುಗಿಯಿತು ಎಂಬ ಗುರುತಾಗಿ ಬರುವುದು ಮೈನಸ್ ಒಂದು. ನಾನು ಅದನ್ನು ಚಾರ್‌ನಲ್ಲಿ ಇಟ್ಟುಕೊಂಡಿದ್ದೆ. ನನ್ನ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಚಾರ್ ಋಣ ಸಂಖ್ಯೆಯನ್ನು ಹಿಡಿಯುತ್ತದೆ. ಗೆಳೆಯನ ಮೊಬೈಲಿನದು ಆರ್ಮ್ ಪ್ರೊಸೆಸರ್. ಅಲ್ಲಿ ಚಾರ್ ಎಂದರೆ 0ಯಿಂದ 255ರವರೆಗೆ ಮಾತ್ರ. ಮೈನಸ್ ಒಂದು 255 ಆಗುತ್ತಿತ್ತು, ಮುಗಿಯಿತು ಎಂಬ ಗುರುತು ಪ್ರೋಗ್ರಾಂಗೆ ಸಿಗುತ್ತಲೇ ಇರಲಿಲ್ಲ. ಅದಕ್ಕೆ ಇಂಟ್ ಬೇಕು ಎಂದು ಪುಸ್ತಕದಲ್ಲಿ ಕಾರಣಸಮೇತ ಇದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಓದಿ ದಾಟಿಹೋಗಿದ್ದ ಪುಟ ಅದು.

ಒಂದೇ ಪದ ಬದಲಿಸಿದೆ. ಹುಕ್ಕೇರಿಗೆ ಫೋನ್ ಮಾಡಿ ಮೊದಲು ತಪ್ಪು ನನ್ನದೇ ಎಂದೆ, ಆಮೇಲೆ ಹೊಸ ಫೈಲ್ ಕಳಿಸಿದೆ. ಕ್ಷಣಮಾತ್ರದಲ್ಲಿ ಅವನ ಮೊಬೈಲ್ ಪದಗಳನ್ನು ಎಣಿಸಿ ನಿಂತಿತು.

ರಿಚಿಯವರಿಗೆ 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು. ನಲವತ್ತು ವರ್ಷ ಅದೇ ಪ್ರಯೋಗಾಲಯದ ನಂಟಿನಲ್ಲೇ ದುಡಿದು 2007ರಲ್ಲಿ ನಿವೃತ್ತರಾದರು. ಒಂಟಿಯಾಗಿ ಬಾಳುತ್ತಿದ್ದ ಅವರು 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು. ಆ ಸುದ್ದಿಯ ಗದ್ದಲದಲ್ಲಿ ರಿಚಿಯವರದು ಹೆಚ್ಚು ಜನರಿಗೆ ತಲುಪಲಿಲ್ಲ.

ಸಂದರ್ಶನದಲ್ಲಿ ನನ್ನ ಲೈಬ್ರರಿಗಿಂತ ಆ ತಪ್ಪಿನ ಬಗ್ಗೆಯೇ ಹೆಚ್ಚು ಪ್ರಶ್ನೆ ಬಂದವು. ತಡವರಿಸದೆ ಉತ್ತರಿಸಿದೆ. ಆ ಕೆಲಸ ಸಿಗಲಿಲ್ಲ, ಹುಡುಕಾಟ ನಡೆದೇ ಇದೆ. ಈಗ ಏನೇ ಬರೆದರೂ ಹುಕ್ಕೇರಿಯ ಮೊಬೈಲಿನಲ್ಲಿ ಓಡಿಸಿ ನೋಡಿದ ಮೇಲೆಯೇ ಹೊರಗೆ ಬಿಡುತ್ತೇನೆ. ಲೈಬ್ರರಿಯಲ್ಲಿ ಈಗ ನನ್ನ ಹೆಸರಿನ ಪಕ್ಕ ಗೆಳೆಯನ ಹೆಸರೂ ಇದೆ.