ಬಾಗಿಲ ಸಂದಿಯಿಂದ ಮನೆ ಸೇರಿದ ಸಂದೇಶ: ಸಂತ ಫ್ರಾನ್ಸಿಸ್ ಡಿ ಸೇಲ್ಸ್

ಜನವರಿ 24 ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರ ಹಬ್ಬ. ಪತ್ರಕರ್ತರ ಹಾಗೂ ಬರಹಗಾರರ ಪಾಲಕರೆಂದು ನಾವು ಅವರನ್ನು ಗೌರವಿಸುತ್ತೇವೆ. ಚೆನ್ನಾಗಿ ಬರೆಯುವುದು ಮಾತ್ರವಲ್ಲ, ಬರೆದದ್ದು ಯಾರಿಗೆ, ಹೇಗೆ ತಲುಪಬೇಕೆಂದು ಮುಂಚಿತವಾಗಿ ಯೋಚಿಸುವುದನ್ನೂ ಅವರಿಂದ ಕಲಿಯಬಹುದು.

ಫ್ರಾನ್ಸಿಸ್ 1567ರ ಆಗಸ್ಟ್ 21ರಂದು ಸವೋಯ್ ಪ್ರಾಂತ್ಯದ ಥೋರೆನ್ಸ್‌ನಲ್ಲಿ ಶ್ರೀಮಂತ ಮನೆತನದಲ್ಲಿ ಜನಿಸಿದರು. ಪ್ಯಾರಿಸ್‌ನಲ್ಲಿ ಯೇಸುಸಭೆಯ ಗುರುಗಳ ಬಳಿ ಕಲಿತು, 1591ರಲ್ಲಿ ಪಾದುವಾದಲ್ಲಿ ಕಾನೂನು ಪದವಿ ಪಡೆದರು. ಮಗ ದೊಡ್ಡ ಅಧಿಕಾರಿಯಾಗಬೇಕೆಂಬುದು ತಂದೆಯ ಆಸೆ. ಆದರೆ 1593ರ ಡಿಸೆಂಬರ್‌ನಲ್ಲಿ ಮಗ ಗುರುದೀಕ್ಷೆ ಪಡೆದರು.

ಮರುವರ್ಷವೇ ಕಠಿಣ ಸೇವೆಯೊಂದು ಎದುರಾಯಿತು. ಜಿನೀವಾ ಸರೋವರದ ದಕ್ಷಿಣಕ್ಕಿರುವ ಶಾಬ್ಲೆ ಪ್ರದೇಶದ ಜನ ಸುಮಾರು 60 ವರ್ಷಗಳಿಂದ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ್ದರು. ತಂದೆಯ ವಿರೋಧದ ನಡುವೆಯೂ ಫ್ರಾನ್ಸಿಸ್ 1594ರ ಸೆಪ್ಟೆಂಬರ್‌ನಲ್ಲಿ ದಾಯಾದಿ ಲೂಯಿಸ್ ಅವರೊಡನೆ ಅಲ್ಲಿಗೆ ಹೊರಟರು. ಆಲಿಂಜ್ ಕೋಟೆಯಲ್ಲಿ ತಂಗಿ, ಥೋನೋನ್ ಪಟ್ಟಣಕ್ಕೆ ನಡೆದು ಹೋಗಿ ಪ್ರವಚನ ಕೊಡುತ್ತಿದ್ದರು. ಆದರೆ ಕೇಳಲು ಬರುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ. ಬರಲು ಇಷ್ಟವಿದ್ದವರಿಗೂ ಪಟ್ಟಣದ ಹಿರಿಯರ ಭಯವಿತ್ತು.

ಇಲ್ಲಿ ಅವರು ಜನರನ್ನು ದೂರಲಿಲ್ಲ, ದಾರಿ ಬದಲಿಸಿದರು. 1595ರ ಜನವರಿಯಿಂದ ವಿಶ್ವಾಸದ ಒಂದೊಂದೇ ವಿಷಯ ತೆಗೆದುಕೊಂಡು ಚಿಕ್ಕ ಹಾಳೆಗಳಲ್ಲಿ ಬರೆಯತೊಡಗಿದರು. ಮೊದಲು ಕೈಬರಹದ ಪ್ರತಿಗಳು, ಬಳಿಕ ಶಾಂಬೇರಿಯಲ್ಲಿ ಮುದ್ರಿಸಿದ ಪ್ರತಿಗಳು. ಅವನ್ನು ಮನೆಗಳ ಬಾಗಿಲ ಸಂದಿಯಿಂದ ಒಳಗೆ ತಳ್ಳಿದರು, ಜನ ಓಡಾಡುವಲ್ಲಿ ಅಂಟಿಸಿದರು. ಚರ್ಚಿಗೆ ಬರಲು ಹೆದರಿದವರು ಮನೆಯೊಳಗೆ ಕುಳಿತು ಓದಿದರು. ಒಮ್ಮೆ ಹಂಚಿ ಸುಮ್ಮನಾಗಿದ್ದರೆ ಫಲ ಸಿಗುತ್ತಿರಲಿಲ್ಲ. ಹಾಳೆಯ ಹಿಂದೆ ಹಾಳೆ, ವಿಷಯದ ಹಿಂದೆ ವಿಷಯ ಬರುತ್ತಿದ್ದುದೇ ಅದರ ಬಲ. 1597ರ ಸೆಪ್ಟೆಂಬರ್‌ನಲ್ಲಿ ಆನ್ಮಾಸ್‌ನಲ್ಲಿ ಪರಮಪ್ರಸಾದದ 40 ಗಂಟೆಗಳ ಆರಾಧನೆ ನಡೆದಾಗ ಭಾರೀ ಜನ ಸೇರಿದರು. 1598ರ ಹೊತ್ತಿಗೆ ಶಾಬ್ಲೆಯ ಬಹುಪಾಲು ಜನ ಕಥೋಲಿಕ ಸಭೆಗೆ ಮರಳಿದ್ದರು.

1602ರಲ್ಲಿ ಅವರು ಜಿನೀವಾದ ಬಿಷಪರಾದರೂ ಆನ್ಸಿಯಲ್ಲೇ ನೆಲೆಸಬೇಕಾಯಿತು. ಕಿವಿ ಕೇಳದ ಮಾರ್ಟಿನ್ ಎಂಬವನಿಗೆ ಕೈಸನ್ನೆಗಳಿಂದ ಧರ್ಮೋಪದೇಶ ಕಲಿಸಿದರು. ಸಂಸಾರಸ್ಥ ಮಹಿಳೆಯೊಬ್ಬರಿಗೆ ಬರೆದುಕೊಟ್ಟ ಸಲಹೆಗಳನ್ನೇ ಬೆಳೆಸಿ ಭಕ್ತಿಜೀವನದ ಪುಸ್ತಕವೊಂದನ್ನು 1609ರಲ್ಲಿ ಹೊರತಂದರು. 1610ರಲ್ಲಿ ಸಂತ ಜೇನ್ ಡಿ ಶಾಂತಾಲ್ ಜೊತೆ ವಿಸಿಟೇಶನ್ ಸಭೆಯನ್ನು ಸ್ಥಾಪಿಸಿದರು. 1622ರ ಡಿಸೆಂಬರ್ 28ರಂದು ಲಿಯೋನ್‌ನಲ್ಲಿ ನಿಧನರಾದರು. 1665ರಲ್ಲಿ ಸಂತ ಪದವಿ ದೊರೆಯಿತು. 1923ರಲ್ಲಿ 11ನೇ ಪಿಯುಸ್ ಜಗದ್ಗುರುಗಳು ಅವರನ್ನು ಕಥೋಲಿಕ ಬರಹಗಾರರ ಪಾಲಕರೆಂದು ಸಾರಿದರು.

1967ರಿಂದ ಧರ್ಮಸಭೆ ವಿಶ್ವ ಸಂಪರ್ಕ ಮಾಧ್ಯಮ ದಿನ ಆಚರಿಸುತ್ತಿದೆ. ಅದು ಸಾಮಾನ್ಯವಾಗಿ ಪವಿತ್ರಾತ್ಮರ ಹಬ್ಬದ ಹಿಂದಿನ ಭಾನುವಾರ ಬರುತ್ತದೆ. ಆದರೆ ಜಗದ್ಗುರುಗಳ ಸಂದೇಶ ವಾಡಿಕೆಯಂತೆ ಜನವರಿ 24ರಂದೇ, ಇದೇ ಸಂತರ ಹಬ್ಬದಂದು, ಪ್ರಕಟವಾಗುತ್ತದೆ. ಅನುವಾದಿಸಲು, ಓದಲು, ಕಾರ್ಯಕ್ರಮ ರೂಪಿಸಲು ತಿಂಗಳುಗಟ್ಟಲೆ ಸಮಯ ಸಿಗಲೆಂದೇ ಈ ಕ್ರಮ.

ನಮ್ಮಲ್ಲಿ ಹೇಗೆ? ಮೊಂತಿ ಹಬ್ಬ ಸೆಪ್ಟೆಂಬರ್ 8ಕ್ಕೆ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಎಷ್ಟೋ ಕಡೆ ಪ್ರಕಟಣೆ ಸಿದ್ಧವಾಗುವುದು ಹಬ್ಬದ ಮುನ್ನಾದಿನ ರಾತ್ರಿ. ಆಗ ಭಾನುವಾರದ ಪೂಜೆಗೆ ಬರಲಾಗದ ವೃದ್ಧರು, ರೋಗಿಗಳು, ಪರವೂರಲ್ಲಿ ದುಡಿಯುವವರು ಸುದ್ದಿಯಿಂದ ಹೊರಗೇ ಉಳಿಯುತ್ತಾರೆ. ವರ್ಷದ ಆರಂಭದಲ್ಲೇ ಪಾಲನಾ ಪರಿಷತ್ತು ಕುಳಿತು ಯಾವ ತಿಂಗಳು ಏನು, ಯಾರು ಬರೆಯುವವರು, ವಾಳೆಯ ಮನೆಗಳಿಗೆ ಯಾರು ಮುಟ್ಟಿಸುವವರು ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಂಡರೆ ಸಾಕು. ಖರ್ಚೇನೂ ಇಲ್ಲ. ಬಾಗಿಲು ತೆರೆಯದ ಮನೆಗೂ ಹಾಳೆ ಮುಟ್ಟಿಸಿದ ಈ ಸಂತರು ನಮ್ಮ ಮಾಧ್ಯಮ ಸೇವಕರಿಗಾಗಿ ಪ್ರಾರ್ಥಿಸಲಿ.